ದಾಂಡೇಲಿ ಇರಲಿ, ಈ ತಿಂಗಳು ಗದಗಿನ ಕಡೆ ಹೋಗಿ

ಗಣಪ್ಪನನ್ನು ಕಳಿಸಿದ ಮೇಲೆ ದಸರಾ ಬರುವವರೆಗೆ ನಮ್ಮ ಹುಬ್ಬಳ್ಳಿಯಲ್ಲಿ ಬಂಗಾರದಂಥ ಹವಾ. ಬೆಳಿಗ್ಗೆ ತೆಳ್ಳಗೆ ಮಂಜು, ಹನ್ನೊಂದಕ್ಕೆ ಚುರುಕು ಬಿಸಿಲು, ಸಂಜೆಗೆ ಎಲ್ಲಿಂದಲೋ ಒಂದು ಅಡ್ಡಮಳೆ. ಒಣಹಾಕಿದ ಅರಿವೆಗಳನ್ನು ದಿನಕ್ಕೆ ಎರಡು ಸಲ ಒಳಗೆ ತರಬೇಕು, ಅದೊಂದೇ ಕಿರಿಕಿರಿ.

ಆದರೆ ರವಿವಾರ ಬಂತೆಂದರೆ ಎಲ್ಲರ ಗಾಡಿಯೂ ದಾಂಡೇಲಿ, ಗೋವಾ, ಜೋಗದ ಕಡೆಗೇ. ಹೋಗಬೇಡಿ ಅನ್ನೋದಿಲ್ಲ. ಆ ಕಾಡಿನಲ್ಲಿ ಹಸಿರು ಡಿಸೆಂಬರ್‌ನಲ್ಲೂ ಸಿಗುತ್ತದೆ. ಗದಗಿನ ಕಡೆ ಸಿಗೋದು ಈಗ ಮಾತ್ರ. ಸಹ್ಯಾದ್ರಿ ಮೊದಲು ತನ್ನ ಪಾಲು ಸುರಿಸಿಕೊಂಡು, ಉಳಿದ ಮೋಡವನ್ನಷ್ಟೇ ಈ ಕಡೆ ಬಿಡುತ್ತದೆ. ಜುಲೈನಲ್ಲಿ ಧಾರವಾಡ ನೆನೆದು ತೊಪ್ಪೆಯಾಗಿರುವಾಗ ಗದಗಿನ ರೈತರು ಮೇಲೆ ನೋಡುತ್ತಾ ಕೂತಿರುತ್ತಾರೆ. ಸೆಪ್ಟೆಂಬರ್-ಅಕ್ಟೋಬರ್‌ನ ಉತ್ತರಿ, ಹಸ್ತ ಮಳೆ ಬಿದ್ದರೇನೇ ಅವರಿಗೆ ಜೀವ. ಗದಗಿನ ರಸ್ತೆಯಲ್ಲಿ ಏಪ್ರಿಲ್‌ನಲ್ಲಿ ಹೋಗಿ ನೋಡಿ, ಕಣ್ಣು ಉರಿಯುತ್ತದೆ.

ಹೋದ ರವಿವಾರ ನಾನೂ ನಮ್ಮ ಮನೆಯವರೂ ಬೈಕಿನಲ್ಲಿ ಗದಗಿನ ಹತ್ತಿರದ ಹಳೇ ಗುಡಿಗಳ ಊರು ಲಕ್ಕುಂಡಿಗೆ ಹೊರಟೆವು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು (ಹುಚ್ಚೆಳ್ಳು) ಚಟ್ನಿ. ಅಣ್ಣಿಗೇರಿ ದಾಟುತ್ತಿದ್ದಂತೆ ರಸ್ತೆಯ ಎರಡೂ ಕಡೆ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಹೆಸರುಕಾಳಿನ ಬೆಳೆ ಕಿತ್ತಾಗಿತ್ತು. ಒಂದು ಕಡೆ ಮೆಣಸಿನ ಗಿಡ, ಅದರಾಚೆ ಗುರೆಳ್ಳು ಹೂ ಹಳದಿ ಹಚ್ಚಿದಂತೆ ಅರಳಿತ್ತು. ಡಬ್ಬಿಯಲ್ಲಿ ಕಪ್ಪಗಿರೋ ಚಟ್ನಿಯ ಹೂ ಇಷ್ಟು ಚಂದ ಅಂತ ಯಾರಿಗೆ ಗೊತ್ತು! ಫೋಟೋ ಬೇಕು ಅಂದೆ. ಇವರು ರಸ್ತೆ ಬಿಟ್ಟು ಬೈಕನ್ನು ನಾಲ್ಕು ಮಾರು ಒಳಗೆ ತಂದರು. ಅಷ್ಟೇ. ಚಕ್ರ ತಿರುಗಲಿಲ್ಲ.

ಎರೆ ಮಣ್ಣು ಹಸಿಯಾಗಿದ್ದಾಗ ಹಿಟ್ಟು ನಾದಿದ ಹಾಗೆ. ಒಂದು ಹೆಜ್ಜೆಗೆ ಚಪ್ಪಲಿ ಎರಡು ಇಂಚು ಎತ್ತರ, ಮೂರನೇ ಹೆಜ್ಜೆಗೆ ಚಪ್ಪಲಿಯೇ ಇಲ್ಲ. ಮಡ್‌ಗಾರ್ಡ್ ಒಳಗೆ ಮಣ್ಣು ಗಟ್ಟಿಯಾಗಿ ಕೂತುಬಿಟ್ಟಿತ್ತು. ಬದುವಿನ ಮೇಲೆ ಕೂತಿದ್ದ ಅಜ್ಜ ಎದ್ದು ಬಂದರು. ಬೈಯಬಹುದು ಅಂದುಕೊಂಡೆ. "ಎರಿ ಹೊಲ ತಂಗಿ, ಬಂದವ್ರನ್ನ ಹಂಗ ಕಳಸೂದಿಲ್ಲ" ಅಂದವರು ಒಂದು ಜಾಲಿ ಕಡ್ಡಿ ಮುರಿದು ಕೊಟ್ಟರು. ಮೂವರೂ ಅರ್ಧ ತಾಸು ಕೆರೆದೆವು. ಈ ಹಸಿ ಆರುವ ಮೊದಲೇ ಜೋಳ ಬಿತ್ತಬೇಕು ಅಂತ ಅವರ ಅವಸರ. ಆದರೂ ನಮ್ಮ ಜೊತೆ ಕೂತು ಒಂದು ರೊಟ್ಟಿ ತಿಂದರು. ಎಣ್ಣೆಗಾಯಿಗೆ ಖಾರ ಕಡಿಮೆಯಾಗಿದೆ ಅಂತ ಮುಖದ ಮೇಲೇ ಹೇಳಿದರು.

ಹಾಗಾಗಿ ಲಕ್ಕುಂಡಿ ಸೇರುವಾಗ ಮಧ್ಯಾಹ್ನ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯನ್ನು ಬೇಗ ನೋಡಿ, ಕಾಶಿವಿಶ್ವೇಶ್ವರದಲ್ಲಿ ಕೂತೆವು. ಅಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಚಿಕ್ಕ ಗುಡಿ ಇದೆ. ಬಳಪದ ಕಲ್ಲಿನ ಬಾಗಿಲವಾಡದ ಮೇಲಿನ ಬಳ್ಳಿ, ಬೊಂಬೆಗಳನ್ನು ಹಿಂದೊಮ್ಮೆಯೂ ನೋಡಿದ್ದೆ. ಆಗ ಒಂದೇ ದಿನದಲ್ಲಿ ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ ಮುಗಿಸುವ ಹುಚ್ಚು. ಮನೆಗೆ ಬಂದು ಫೋಟೋ ನೋಡಿದರೆ ಯಾವ ಕಂಬ ಯಾವ ಊರಿನದು ಗೊತ್ತಾಗಲಿಲ್ಲ. ಅಂದಿನಿಂದ ನಮ್ಮಲ್ಲಿ ಒಂದು ದಿನಕ್ಕೆ ಒಂದೇ ಊರು. ಈ ಸಲ ಮುಸುಕಿನ ಬಾವಿಯ ಮೆಟ್ಟಿಲ ಮೇಲೇ ಒಂದು ತಾಸು ಕಳೆದೆವು. ಗೋಡೆಯ ಮಾಡದೊಳಗೆ ದೇವರಿರಲಿಲ್ಲ, ಒಂದು ಕಪ್ಪೆ ಇತ್ತು.

ಬರುವಾಗ ಗದಗಿನಲ್ಲಿ ಬದನೇಕಾಯಿ ಬಜಿ. ಅದನ್ನು ತಿನ್ನದೆ ಬಂದವರ ಪ್ರವಾಸವನ್ನು ನಾನಂತೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಬಜಿ ಕೊಟ್ಟವನು ನಮ್ಮ ಕಾಲು ನೋಡಿ, "ಹೊಲಾ ಮಾಡೀರೇನ್ರಿ ಅಕ್ಕಾರ?" ಅಂದ.

ಮುಂದಿನ ರವಿವಾರ ಡಂಬಳ. ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ಗೋಡೆಗೆ 24 ಮೂಲೆಗಳಂತೆ, ಸುತ್ತು ಹಾಕಿ ನಾನೇ ಎಣಿಸಬೇಕು. ಮಡ್‌ಗಾರ್ಡ್ ಇನ್ನೂ ತೊಳೆದಿಲ್ಲ. ಆ ಜಾಲಿ ಕಡ್ಡಿಯನ್ನು ಇವರು ಡಿಕ್ಕಿಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.