ಕೇರಿ ಮನೆತನದ ಸೇವೆ ಲೆಕ್ಕ ಹಾಕೋವಾಗ ಡೊರೊಥಿಯನ್ನೂ ಫೀಲಿಕ್ಸನ್ನೂ ಬಿಡಬೇಡಿ

ಮಿಷನರಿ ವಿಲಿಯಂ ಕೇರಿ ಬಗ್ಗೆ ನಮ್ಮಲ್ಲಿ ಯಾರೇ ಮಾತಾಡಿದ್ರೂ ಕಥೆ ಹೀಗೇ ಹೋಗುತ್ತೆ. ಇಂಗ್ಲೆಂಡಲ್ಲಿ ಶೂ ಹೊಲೀತಿದ್ರು, 1793ರಲ್ಲಿ ಬಂಗಾಳಕ್ಕೆ ಬಂದ್ರು, ಕಲ್ಕತ್ತ ಹತ್ತಿರದ ಶ್ರೀರಾಮಪುರದಲ್ಲಿ ಪ್ರೆಸ್ ಹಾಕಿ ಎಷ್ಟೋ ಭಾಷೆಗೆ ಬೈಬಲ್ ತಂದ್ರು, ಮಕ್ಕಳೂ ಅದೇ ದಾರಿ ಹಿಡಿದ್ರು. ಕನ್ನಡದವ್ರಾದ್ರೆ 1817ರ ಕನ್ನಡ ವ್ಯಾಕರಣವನ್ನೂ ಸೇರಿಸ್ತೀವಿ, ಸೇರಿಸ್ಲೇಬೇಕು, ಯಾಕಂದ್ರೆ 1812ರ ಮಾರ್ಚಲ್ಲಿ ಪ್ರೆಸ್ಸಿಗೆ ಬೆಂಕಿ ಬಿದ್ದು ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿನೂ ಸುಟ್ಟುಹೋಯ್ತು, ಆಮೇಲೂ ಮತ್ತೆ ಕೆಲಸಕ್ಕೆ ಕೂತ ಮನುಷ್ಯ ಅವ್ರು. ಅದರ ಬಗ್ಗೆ ನನಗೆ ಅಪಾರ ಗೌರವ ಇದೆ.

ಆದ್ರೆ ಅವರ ಹೆಂಡತಿ ಡೊರೊಥಿ?

ಆಕೆಗೆ ಬರೋಕೆ ಇಷ್ಟನೇ ಇರ್ಲಿಲ್ಲ. ಮದುವೆ ರಿಜಿಸ್ಟರಲ್ಲಿ ಸಹಿ ಬದಲು ಗುರುತು ಹಾಕಿದ್ದ ಹಳ್ಳಿ ಹೆಂಗಸು, ತುಂಬು ಬಸುರಿ, ಸಮುದ್ರ ದಾಟಲ್ಲ ಅಂತ ಖಡಾಖಂಡಿತವಾಗಿ ಹೇಳಿದ್ಲು. ಗಂಡ ಹತ್ತಿದ ಹಡಗಿಂದ ಇಳೀಬೇಕಾಗಿ ಬಂದು ಪ್ರಯಾಣ ತಡ ಆಯ್ತು, ಅಷ್ಟರಲ್ಲಿ ಜೇಬೆಜ್ ಹುಟ್ಟಿದ್ದ, ಮತ್ತೆ ಬಂದು ಒತ್ತಾಯ ಮಾಡಿದಾಗ ತಂಗಿ ಕಿಟ್ಟಿ ಜೊತೆಗೆ ಬಂದ್ರೆ ಬರ್ತೀನಿ ಅಂತ ಒಪ್ಪಿದ್ಲು. ಕೈಗೂಸಿನ ಜೊತೆ ಐದು ತಿಂಗಳ ಹಡಗಿನ ಪ್ರಯಾಣ. ಮರುವರ್ಷವೇ ಬಂಗಾಳದ ಮುದನಾಬಾಟಿ ಅನ್ನೋ ಊರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ, ಮಣ್ಣು ಮಾಡೋಕೆ ಜನ ಸಿಗದೆ ಒದ್ದಾಡಿದ್ರು. ಆಮೇಲೆ ಆಕೆ ಮನಸ್ಸು ಸರಿಹೋಗ್ಲೇ ಇಲ್ಲ. ಗಂಡನ ಮೇಲೆ ಸಂಶಯ, ಕೂಗಾಟ, ಕೊನೆಗೆ ರೂಮಲ್ಲಿ ಕೂಡಿಹಾಕೋ ಸ್ಥಿತಿ. ಪಕ್ಕದ ರೂಮಲ್ಲಿ ಅನುವಾದ ನಡೀತಿತ್ತು. 1807ರಲ್ಲಿ ತೀರಿಹೋದ್ಲು. ಇದನ್ನ ಕೇರಿಯವರ ತಾಳ್ಮೆಗೆ ಉದಾಹರಣೆ ಅಂತ ಹೇಳೋದನ್ನ ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತೆ, ಇದು ಮೊದಲು ಆಕೆಯ ನೋವು ಅಲ್ವಾ?

ಇನ್ನು ದೊಡ್ಡ ಮಗ ಫೀಲಿಕ್ಸ್. ಹುಡುಗನಾಗಿದ್ದಾಗಲೇ ಬಂದವನು, ಬಂಗಾಳಿ ಅವನಿಗೆ ಆಟ ಆಡ್ತಾ ಬಂದ ಭಾಷೆ, ಅಪ್ಪನ ಹಾಗೆ ಪಂಡಿತರ ಮುಂದೆ ಕೂತು ಕಲೀಬೇಕಿರ್ಲಿಲ್ಲ. ಅಪ್ಪನಿಗೆ ಪುರುಸೊತ್ತಿಲ್ಲ, ಅಮ್ಮನಿಗೆ ಹುಷಾರಿಲ್ಲ, ಆ ಹುಡುಗ್ರನ್ನ ದಾರಿಗೆ ತಂದಿದ್ದು ಹೆಚ್ಚಾಗಿ ಕೇರಿಯವರ ಜೊತೆ ಮಿಷನ್ನಲ್ಲಿದ್ದ ಹನ್ನಾ ಮಾರ್ಷ್‌ಮನ್ ಮತ್ತು ಪ್ರೆಸ್ ನೋಡ್ಕೊಳ್ತಿದ್ದ ವಿಲಿಯಂ ವಾರ್ಡ್. 1800ರ ಡಿಸೆಂಬರಲ್ಲಿ ಬಡಗಿ ಕೃಷ್ಣ ಪಾಲ್ ಜೊತೆ ಹೂಗ್ಲಿ ನದೀಲಿ ದೀಕ್ಷಾಸ್ನಾನ ತಗೊಂಡ. 1807ರಲ್ಲಿ ಬರ್ಮಾಕ್ಕೆ ಹೋಗಿ ಬರ್ಮೀಸ್ ವ್ಯಾಕರಣ ಬರೆದ, ಸಿಡುಬಿನ ಲಸಿಕೆ ಹಾಕಿದ. 1813ರಲ್ಲಿ ಅಮೆರಿಕದ ಮಿಷನರಿಗಳಾದ ಜಡ್ಸನ್ ದಂಪತಿ ಬರ್ಮಾದ ರಂಗೂನಿಗೆ ಬಂದಾಗ ಇಳ್ಕೊಂಡಿದ್ದು ಇವನಿದ್ದ ಮಿಷನ್ ಮನೆಯಲ್ಲೇ. ಮಾರನೇ ವರ್ಷ ಇರಾವತಿ ನದಿಯಲ್ಲಿ ದೋಣಿ ಮಗುಚಿ ಹೆಂಡತಿ ಮಕ್ಕಳು ಮುಳುಗಿಹೋದ್ರು, ಜೊತೆಗೆ ಸಾಗಿಸ್ತಿದ್ದ ಪ್ರೆಸ್ಸೂ ಹೋಯ್ತು.

ಅದೇ ಕಾಲಕ್ಕೆ ಬರ್ಮಾ ರಾಜನ ರಾಯಭಾರಿ ಆಗಿ ಕಲ್ಕತ್ತಕ್ಕೆ ಬಂದ. ಮಿಷನರಿ ಆಗಿದ್ದವನು ಬರೀ ರಾಯಭಾರಿ ಮಟ್ಟಕ್ಕೆ ಕುಗ್ಗಿಹೋದ ಅಂತ ಅಪ್ಪ ನೊಂದ್ಕೊಂಡ್ರು, ಇವತ್ತಿಗೂ ಜನ ಆ ಮಾತನ್ನ ದೊಡ್ಡ ಪಾಠದ ತರ ಹೇಳ್ತಾರೆ. ನನಗೆ ಅದು ಅನ್ಯಾಯ ಅನ್ಸುತ್ತೆ. ಒಂದಿಷ್ಟು ವರ್ಷ ಅಲೆದಾಡಿದ ನಿಜ, ಮನೆಯವರನ್ನ ಹಾಗೆ ಕಳ್ಕೊಂಡ ಮನುಷ್ಯ ಅಲೆದಾಡದೆ ಇನ್ನೇನು ಮಾಡ್ತಾನೆ! ಆಮೇಲೆ ಶ್ರೀರಾಮಪುರಕ್ಕೆ ವಾಪಸ್ ಬಂದು ವಿದ್ಯಾಹಾರಾವಳಿ ಅಂತ ಬಂಗಾಳಿಯಲ್ಲಿ ವಿಶ್ವಕೋಶ ಶುರು ಮಾಡಿದ, ಅದರ ಮೊದಲ ಭಾಗವೇ ಮನುಷ್ಯನ ಶರೀರಶಾಸ್ತ್ರ. ಬಂಗಾಳಿ ಓದೋ ಹುಡುಗ್ರು ತಮ್ಮ ಭಾಷೆಯಲ್ಲೇ ಮೂಳೆ, ನರ, ರಕ್ತನಾಳದ ಬಗ್ಗೆ ಓದಬಹುದಾಗಿದ್ದು ಅವನಿಂದ, ಅದೂ ಕಲ್ಕತ್ತ ಮೆಡಿಕಲ್ ಕಾಲೇಜು ಶುರುವಾಗೋಕೆ ಎಷ್ಟೋ ವರ್ಷ ಮೊದಲು. 1822ರಲ್ಲಿ ತೀರಿಕೊಂಡ, ಅಪ್ಪನಿಗಿಂತ ಹನ್ನೆರಡು ವರ್ಷ ಮುಂಚೆ.

ಉಳಿದ ತಮ್ಮಂದಿರಲ್ಲಿ ಅಪ್ಪನ ಹೆಸರೇ ಇಟ್ಟುಕೊಂಡಿದ್ದ ವಿಲಿಯಂ ಬಂಗಾಳದ ಕಾಟ್ವಾದಲ್ಲಿ ನೆಲೆ ನಿಂತ, ಜೇಬೆಜ್ ಈಗಿನ ಇಂಡೋನೇಷ್ಯಾದ ಅಂಬೊಯ್ನಾಕ್ಕೆ ಹೋಗಿ ಬಂದು ಆಮೇಲೆ ಅಜ್ಮೀರ್ ಕಡೆ ಶಾಲೆ ನಡೆಸಿದ. ಅವ್ರನ್ನ ಸೇವೆಯ ಪಟ್ಟಿಗೆ ಸೇರಿಸೋಕೆ ಯಾರೂ ಹಿಂದೆಮುಂದೆ ನೋಡಲ್ಲ. ಶರೀರಶಾಸ್ತ್ರ ಬರೆದ ಫೀಲಿಕ್ಸನ್ನ ಮಾತ್ರ ದಾರಿ ತಪ್ಪಿದ ಮಗ ಅಂತ ಯಾಕೆ ಪಕ್ಕಕ್ಕಿಡ್ತೀವಿ? ಮುಂದಿನ ಸಲ ಚರ್ಚಲ್ಲೋ ಸೆಮಿನಾರಲ್ಲೋ ಕೇರಿ ಮನೆತನದ ಬಗ್ಗೆ ಮಾತಾಡೋರು ಅವನ ಪುಸ್ತಕದ ಹೆಸರನ್ನೂ ಅವನ ಅಮ್ಮನ ಹೆಸರನ್ನೂ ದಯವಿಟ್ಟು ಹೇಳಿ.