ರೋಬೊಟೆಕ್ ಜಪಾನಿನಲ್ಲಿ ಒಂದೇ ಕಥೆಯಾಗಿರಲಿಲ್ಲ

ಅಮೆರಿಕದ ಟಿವಿ ಕಾರ್ಟೂನ್ ಸರಣಿ ರೋಬೊಟೆಕ್ ಬಗ್ಗೆ ‘ಇದು ಮೂರು ತಲೆಮಾರುಗಳ ಒಂದೇ ಜಪಾನಿ ಕಥೆ, ಅಮೆರಿಕದವರು ಇಂಗ್ಲಿಷ್ ಧ್ವನಿಯನ್ನಷ್ಟೇ ಕೊಟ್ಟರು’ ಎಂಬ ಮಾತು ಹರಿದಾಡುತ್ತಿದೆ. ಅದು ಸರಿಯಲ್ಲ. 1985ರಲ್ಲಿ ಅಮೆರಿಕದ ಹಾರ್ಮನಿ ಗೋಲ್ಡ್ ಸಂಸ್ಥೆಗಾಗಿ ನಿರ್ಮಾಪಕ ಕಾರ್ಲ್ ಮೇಸೆಕ್ ಪರಸ್ಪರ ಸಂಬಂಧವೇ ಇಲ್ಲದ ಮೂರು ಜಪಾನಿ ಕಾರ್ಟೂನ್ ಸರಣಿಗಳನ್ನು ಒಂದಾಗಿ ಹೆಣೆದರು: ಮ್ಯಾಕ್ರಾಸ್, ಸದರ್ನ್ ಕ್ರಾಸ್, ಮೊಸ್ಪೀಡಾ. ಕಾರಣ ಲೆಕ್ಕಾಚಾರದ್ದು. ವಾರದ ಐದೂ ದಿನ ಪ್ರಸಾರವಾಗಬೇಕಾದರೆ ಅಮೆರಿಕದಲ್ಲಿ ಕನಿಷ್ಠ 65 ಕಂತುಗಳು ಬೇಕಿದ್ದವು. ಮ್ಯಾಕ್ರಾಸ್‌ನಲ್ಲಿದ್ದದ್ದು 36 ಮಾತ್ರ. ಹೆಣಿಗೆ ಎಷ್ಟು ಆಳವಾಗಿತ್ತೆಂದರೆ, ಬೇರೊಂದು ಗ್ರಹದಲ್ಲಿ ನಡೆಯುವ ಸದರ್ನ್ ಕ್ರಾಸ್ ಭೂಮಿಗೆ ಬಂತು, ಅದರ ನಾಯಕಿ ಜೀನ್ ಹೆಸರು ಬದಲಿಸಿಕೊಂಡು ಮ್ಯಾಕ್ರಾಸ್‌ನ ಯೋಧ ದಂಪತಿಯ ಮಗಳು ಡಾನಾ ಆದಳು. ಮೇಸೆಕ್ ಅವರ ಜಾಣ್ಮೆ ನಿಜಕ್ಕೂ ಮೆಚ್ಚುವಂಥದ್ದು. ಆದರೆ ಮೂರು ಜಪಾನಿ ತಂಡಗಳು ಬೇರೆಬೇರೆಯಾಗಿ ಕಟ್ಟಿದ ಲೋಕಗಳನ್ನು ಒಂದೇ ಕೃತಿಯೆನ್ನುವುದು ಆ ಕಲಾವಿದರಿಗೆ ಮಾಡುವ ಅನ್ಯಾಯ.