ಅರ್ಧ ವಾಕ್ಯದ ವಾಸ್ತವವಾದಿಗಳು

ನಿನ್ನೆ ರಾತ್ರಿ ದೇಶದೇಶಗಳ ಸಂಬಂಧದ ಬಗ್ಗೆ ನಡೆದ ಟಿವಿ ಚರ್ಚೆ ನೋಡಬಾರದಿತ್ತು. ನನ್ನ ರಕ್ತದೊತ್ತಡದ ಬಗ್ಗೆ ನನಗಿಂತ ಹೆಚ್ಚು ಕಾಳಜಿ ಇರುವ ಮನೆಯವರು ರಿಮೋಟ್ ಬಚ್ಚಿಟ್ಟಿದ್ದರು. ಹುಡುಕಿ ತಂದು ಹಾಕಿಕೊಂಡೆ. ಹಾಗಾಗಿ ತಪ್ಪು ನನ್ನದೇ. ಕೋಟು ತೊಟ್ಟ ತಜ್ಞರೊಬ್ಬರು ಒಂದು ಗಂಟೆಯ ಅವಧಿಯಲ್ಲಿ ಹನ್ನೊಂದು ಸಲ "ವಾಸ್ತವವಾದಿಗಳಾಗಿ ಯೋಚಿಸಿ" ಎಂದರು. ಹೌದು, ಎಣಿಸಿದೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಎಣಿಸುವುದು ಚಟ. ಅವರ ವಾಸ್ತವವಾದದ ತಿರುಳು ಇಷ್ಟೇ: ಬಲವಿದ್ದವನು ಹೊಡೆಯುತ್ತಾನೆ, ಇಲ್ಲದವನು ತಿನ್ನುತ್ತಾನೆ, ಉಳಿದದ್ದೆಲ್ಲ ಬೊಗಳೆ. ಇದನ್ನು ಹೇಳಲು ತಜ್ಞರೇ ಬೇಕೇ? ಬೀದಿಜಗಳದಲ್ಲಿ ಗೆದ್ದ ಯಾವ ಪುಂಡನೂ ಹೇಳಿಯಾನು.

ಕೊನೆಗೆ ಅವರು ಪ್ರಾಚೀನ ಗ್ರೀಸಿನ ಇತಿಹಾಸಕಾರ ಥುಸಿಡೈಡಿಸ್‌ನನ್ನು ಎಳೆದು ತಂದರು. ತಂದೇ ತರುತ್ತಾರೆ ಎಂದು ಗೊತ್ತಿತ್ತು. "ಬಲಿಷ್ಠರು ತಮ್ಮ ಕೈಲಾದದ್ದನ್ನು ಮಾಡುತ್ತಾರೆ, ದುರ್ಬಲರು ಅನುಭವಿಸಲೇಬೇಕಾದದ್ದನ್ನು ಅನುಭವಿಸುತ್ತಾರೆ." ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಆ ಮಹಾನುಭಾವ ಇದನ್ನು ಹೇಳಿದ್ದಾನೆ ನೋಡಿ, ಎಂದು ಬೆರಳೆತ್ತಿದರು. ನಿರೂಪಕರು ತಲೆದೂಗಿದರು. ನಾನು ಕುರ್ಚಿಯಿಂದ ಎದ್ದೆ.

ಸ್ವಾಮೀ, ಅದು ಥುಸಿಡೈಡಿಸ್‌ನ ಅಭಿಪ್ರಾಯವಲ್ಲ! ಮೆಲೋಸ್ ಎಂಬ ಪುಟ್ಟ ದ್ವೀಪಕ್ಕೆ ಕ್ರಿ.ಪೂ. 416ರಲ್ಲಿ ಸೈನ್ಯ ತಂದು ನಿಲ್ಲಿಸಿದ ಅಥೆನ್ಸಿನ ದೂತರ ಬಾಯಲ್ಲಿ ಅವನು ಇಟ್ಟ ಮಾತು. ನಾಟಕದ ಖಳನ ಮಾತನ್ನು ನಾಟಕಕಾರನ ತಲೆಗೆ ಕಟ್ಟುತ್ತೇವೆಯೇ? ಮೆಲೋಸ್ ಶರಣಾದ ಮೇಲೆ ಅಥೆನ್ಸಿನವರು ವಯಸ್ಕ ಗಂಡಸರನ್ನು ಕೊಂದರು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಿದರು. ತಜ್ಞರ ಪುಟ ಅಲ್ಲಿಗೆ ಮುಗಿಯುತ್ತದೆ. ಥುಸಿಡೈಡಿಸ್‌ನ ಪುಟ ಮುಗಿಯುವುದಿಲ್ಲ. ಮಗುಚಿದ ಕೂಡಲೇ ಸಿಸಿಲಿ. ಅದೇ ಅಥೆನ್ಸ್, ಅದೇ ಸೊಕ್ಕಿನಲ್ಲಿ, ಮರುವರ್ಷವೇ ಸಿಸಿಲಿಯ ಮೇಲೆ ದಂಡೆತ್ತಿ ಹೋಗಿ ಕ್ರಿ.ಪೂ. 413ರ ಹೊತ್ತಿಗೆ ಹಡಗುಪಡೆಯನ್ನೂ ಸೈನ್ಯವನ್ನೂ ಕಳೆದುಕೊಂಡಿತು. ಸೆರೆಸಿಕ್ಕವರಲ್ಲಿ ಅನೇಕರು ಸಿಸಿಲಿಯ ಸಿರಾಕ್ಯೂಸ್ ನಗರದ ಕಲ್ಲುಗಣಿಗಳಲ್ಲಿ ಸತ್ತರು. ಇನ್ನೂ ಎಂಟು ವರ್ಷ ಕಳೆದು, ಉಳಿದಿದ್ದ ಕೊನೆಯ ಹಡಗುಪಡೆಯೂ ನಾಶವಾದ ಸುದ್ದಿ ಬಂದ ರಾತ್ರಿ ಅಥೆನ್ಸಿನಲ್ಲಿ ಯಾರೂ ಮಲಗಲಿಲ್ಲ ಎನ್ನುತ್ತಾನೆ ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಕ್ಸೆನೊಫಾನ್. ಸತ್ತವರಿಗಾಗಿ ಮಾತ್ರ ಅತ್ತದ್ದಲ್ಲ ಅವರು. ಮೆಲೋಸಿನವರಿಗೆ ತಾವು ಮಾಡಿದ್ದು ಈಗ ತಮಗೇ ಆಗುತ್ತದೆ ಎಂಬ ಭಯಕ್ಕೆ ಅತ್ತರು.

ಇಲ್ಲಿ ನಾನೊಂದು ಒಪ್ಪಿಕೊಳ್ಳಬೇಕು. ವಿದ್ಯಾರ್ಥಿಯಾಗಿದ್ದಾಗ ಇದೇ ಅರ್ಧ ವಾಕ್ಯ ಹೇಳಿ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಹೊಡೆದವನು ನಾನು. ಅದಕ್ಕಿಂತ ಕೆಟ್ಟದ್ದು ಆಮೇಲಿನದು. ಮೇಷ್ಟರಾದ ಮೊದಲ ವರ್ಷ ಅದೇ ಮಾತನ್ನು ಕಪ್ಪುಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಅಷ್ಟು ಬಲ ಇದ್ದ ಅಥೆನ್ಸ್ ಆಮೇಲೆ ಏನಾಯಿತು?" ಎಂದು ಕೇಳಿದಳು. "ಅದು ಪಠ್ಯದಲ್ಲಿಲ್ಲ, ಕುಳಿತುಕೊ" ಎಂದೆ. ಪಠ್ಯದಲ್ಲಿ ಇರಲಿಲ್ಲ ಎಂಬುದು ನಿಜ. ನನ್ನ ತಲೆಯಲ್ಲೂ ಇರಲಿಲ್ಲ ಎಂಬುದು ಪೂರ್ತಿ ನಿಜ.

ಹಾಗಾಗಿ ಈ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇರಬಹುದು. ಇರಲಿ, ಉಳಿದರ್ಧ ತಜ್ಞರಿಗೆ ಸಲ್ಲುತ್ತದೆ.

ಏಕೆಂದರೆ ಇದು ಒಂದು ವಾಕ್ಯದ ಕಥೆಯಲ್ಲ. ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನದಲ್ಲಿ ಬರುವ ಪ್ರತಿ ಪರಿಕಲ್ಪನೆಯನ್ನೂ ಇವರು ಹೀಗೆಯೇ ನಡುವಿಗೆ ಕತ್ತರಿಸಿ ತಿನ್ನುತ್ತಾರೆ. ಕೌಟಿಲ್ಯನನ್ನೇ ನೋಡಿ. ಮಂಡಲ ಸಿದ್ಧಾಂತ ಎಲ್ಲರಿಗೂ ಬಾಯಿಪಾಠ: ಪಕ್ಕದವನು ಶತ್ರು, ಅವನಾಚೆಯವನು ಮಿತ್ರ. ಅದೇ ಕೌಟಿಲ್ಯ ಷಾಡ್ಗುಣ್ಯದ, ಅಂದರೆ ವಿದೇಶನೀತಿಯ ಆರು ಉಪಾಯಗಳ ಭಾಗದಲ್ಲಿ, ಸಂಧಿಯಿಂದಲೂ ವಿಗ್ರಹದಿಂದಲೂ (ಯುದ್ಧದಿಂದಲೂ) ಸಮಾನ ಲಾಭ ಕಂಡರೆ ಸಂಧಿಯನ್ನೇ ಆರಿಸು ಎನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ: ಯುದ್ಧವೆಂದರೆ ಕ್ಷಯ, ವ್ಯಯ, ಪ್ರವಾಸ, ಪ್ರತ್ಯವಾಯ. ಜನ ಸಾಯುತ್ತಾರೆ, ಬೊಕ್ಕಸ ಬರಿದಾಗುತ್ತದೆ, ಮನೆ ಬಿಟ್ಟು ದೂರ ಹೋಗಬೇಕು, ಅಡ್ಡಿ ಆತಂಕ ಬೇರೆ. ಅಹಿಂಸೆಯ ಉಪದೇಶವಲ್ಲ ಇದು, ಲೆಕ್ಕದ ಪುಸ್ತಕದ ಭಾಷೆ. ಟಿವಿಯಲ್ಲಿ ಈ ಸಾಲು ಕೇಳಿದವರಿದ್ದರೆ ಕೈ ಎತ್ತಿ.

ಇನ್ನು ಹಾನ್ಸ್ ಮಾರ್ಗೆಂತೊ. ರಾಷ್ಟ್ರೀಯ ಹಿತಾಸಕ್ತಿಯನ್ನು ಅಧಿಕಾರದ ಪರಿಭಾಷೆಯಲ್ಲಿ ವ್ಯಾಖ್ಯಾನಿಸಿದ, ಆಧುನಿಕ ವಾಸ್ತವವಾದದ ಹಿರಿಯಣ್ಣ. ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಇಳಿದಾಗ ಬಹಿರಂಗವಾಗಿ ವಿರೋಧಿಸಿದವರಲ್ಲಿ ಆತ ಮುಂಚೂಣಿಯಲ್ಲಿದ್ದ, ಅದೂ ರಾಷ್ಟ್ರೀಯ ಹಿತಾಸಕ್ತಿಯ ಹೆಸರಿನಲ್ಲೇ. 2002ರ ಸೆಪ್ಟೆಂಬರಿನಲ್ಲಿ ಇರಾಕ್ ಮೇಲಿನ ಯುದ್ಧ ಅಮೆರಿಕದ ಹಿತದಲ್ಲಿಲ್ಲ ಎಂದು 33 ವಿದ್ವಾಂಸರು ಸಹಿ ಹಾಕಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಕೆನೆತ್ ವಾಲ್ಟ್ಜ್, ಜಾನ್ ಮಿಯರ್‌ಶೈಮರ್ ಅದರಲ್ಲಿದ್ದರು. ಇವರಿಗಿಂತ ಅಪ್ಪಟ ವಾಸ್ತವವಾದಿಗಳು ಯಾರು? ಯುದ್ಧ ಬೇಡ ಎಂದವರು ಅವರು. ನಮ್ಮ ತಜ್ಞರ ಪ್ರಕಾರ ಅವರೆಲ್ಲ ಕನಸುಗಾರರಿರಬೇಕು.

ಜರ್ಮನಿಯನ್ನು ಒಂದುಗೂಡಿಸಿದ ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್‌ನ ಹೆಸರೂ ನಿನ್ನೆ ಬಂತು, "ರಕ್ತ ಮತ್ತು ಕಬ್ಬಿಣ" ಸಮೇತ. ಆದರೆ 1866ರಲ್ಲಿ ಆಸ್ಟ್ರಿಯವನ್ನು ಸೋಲಿಸಿದ ಮೇಲೆ, ವಿಯೆನ್ನಾಕ್ಕೆ ನುಗ್ಗೋಣ ಎಂದು ಕುಣಿಯುತ್ತಿದ್ದ ತನ್ನದೇ ರಾಜನನ್ನು ಹಿಡಿದು ನಿಲ್ಲಿಸಿದವನೂ ಬಿಸ್ಮಾರ್ಕೇ. ನಾಳೆ ಇದೇ ಆಸ್ಟ್ರಿಯ ಬೇಕಾಗಬಹುದು, ಅವಮಾನಿಸಬೇಡ ಎಂದು ಹಟ ಹಿಡಿದ. ಆ ಲೆಕ್ಕ ಸರಿಯಾಗಿತ್ತು: 1879ರಲ್ಲಿ ಅದೇ ಆಸ್ಟ್ರಿಯ ಜರ್ಮನಿಯ ಮಿತ್ರನಾಯಿತು. 1890ರಲ್ಲಿ ಅವನನ್ನು ಮನೆಗೆ ಕಳುಹಿಸಿದವರು ರಷ್ಯಾದ ಜೊತೆಗಿನ ಒಪ್ಪಂದವನ್ನು ನವೀಕರಿಸಲಿಲ್ಲ. ನಾಲ್ಕೇ ವರ್ಷದಲ್ಲಿ ರಷ್ಯಾ ಫ್ರಾನ್ಸಿನ ತೆಕ್ಕೆಗೆ ಬಿತ್ತು. ಶಕ್ತಿ ಸಮತೋಲನ ಎಂಬ ಮಾತಿನ ಅರ್ಥ ಇದು: ನೀನು ಉಬ್ಬಿದಷ್ಟೂ ಉಳಿದವರು ಒಟ್ಟಾಗುತ್ತಾರೆ.

"ಜಗತ್ತೇ ಅರಾಜಕ" ಎಂದೂ ಅಬ್ಬರಿಸಿದರು. ಶಾಸ್ತ್ರದಲ್ಲಿ ಅರಾಜಕತೆ ಎಂದರೆ ಸರ್ಕಾರಗಳ ಮೇಲೊಂದು ಸರ್ಕಾರವಿಲ್ಲ ಎಂದಷ್ಟೇ. ಗೊಂದಲ, ದೊಂಬಿ ಎಂದಲ್ಲ. ಮೇಲೆ ಯಜಮಾನನಿಲ್ಲದೆಯೂ 1874ರಿಂದ ದೇಶದೇಶಗಳ ನಡುವೆ ಅಂಚೆ ಒಂದೇ ಒಕ್ಕೂಟದ ನಿಯಮದಂತೆ ಸಾಗುತ್ತಿದೆ.

ಎದುರಾಳಿ ಹತ್ತು ಕ್ಷಿಪಣಿ ಇಟ್ಟರೆ ನಾವು ಇಪ್ಪತ್ತು ಇಡಬೇಕು, ಆಗ ಭದ್ರ ಎಂಬುದು ನಿನ್ನೆಯ ಇನ್ನೊಂದು ಮುತ್ತು. ಭದ್ರತೆಯ ಇಕ್ಕಟ್ಟು ಎಂಬ ಪರಿಕಲ್ಪನೆಗೆ ಜಾನ್ ಹರ್ಜ್ 1950ರಲ್ಲಿ ಹೆಸರಿಟ್ಟದ್ದು ಈ ಲೆಕ್ಕದ ಪೊಳ್ಳನ್ನು ತೋರಿಸಲು. ನನ್ನ ರಕ್ಷಣೆಗೆಂದು ನಾನು ಇಟ್ಟ ಇಪ್ಪತ್ತು ಅವನ ಕಣ್ಣಿಗೆ ದಾಳಿಯ ಸಿದ್ಧತೆ. ಅವನು ನಲವತ್ತು ಇಡುತ್ತಾನೆ. ಇಬ್ಬರೂ ಮೊದಲಿಗಿಂತ ಹೆಚ್ಚು ನಡುಗುತ್ತಾರೆ. ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟದ್ದರಿಂದ ಹುಟ್ಟಿದ 1962ರ ಬಿಕ್ಕಟ್ಟು ಮುಗಿದದ್ದು ಯಾರೋ ಎದೆಯುಬ್ಬಿಸಿ ನಿಂತದ್ದರಿಂದ ಎಂದು ಬಹಳ ಕಾಲ ನಂಬಿಸಲಾಯಿತು. ಟರ್ಕಿಯಲ್ಲಿದ್ದ ತನ್ನ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುತ್ತೇನೆ ಎಂದು ಕೆನಡಿ ಆಡಳಿತ ಗುಟ್ಟಾಗಿ ಮಾತು ಕೊಟ್ಟಿತ್ತು. ಕೊಟ್ಟದ್ದನ್ನು ಮುಚ್ಚಿಟ್ಟು, ಪಡೆದದ್ದನ್ನು ಮಾತ್ರ ಮೆರೆಸಿದರು. ಮತ್ತೆ ಅರ್ಧ ವಾಕ್ಯ!

ಈಗ ಕೆಲವರು ಕೆಳಗೆ ಬರೆಯುತ್ತೀರಿ: "ಮೇಷ್ಟ್ರೇ, 1994ರ ಬುಡಾಪೆಸ್ಟ್ ಒಪ್ಪಂದ ಮರೆತಿರಾ? ನಿನ್ನ ಗಡಿಯನ್ನು ಗೌರವಿಸುತ್ತೇವೆ ಎಂದು ರಷ್ಯಾವೂ ಸಹಿ ಹಾಕಿದ ಕಾಗದ ನಂಬಿ ಅಣ್ವಸ್ತ್ರ ಬಿಟ್ಟುಕೊಟ್ಟ ಉಕ್ರೇನಿನ ಗತಿ ಏನಾಯಿತು?" ಮರೆತಿಲ್ಲ. ಆ ಉದಾಹರಣೆ ಚುಚ್ಚುತ್ತದೆ, ಒಪ್ಪಿದೆ. ಕಾಗದ ಸೈನ್ಯವನ್ನು ತಡೆಯುವುದಿಲ್ಲ. ಆದರೆ ಕಾನೂನು ಬರೀ ಕಾಗದವಾಗಿದ್ದರೆ 2022ರಲ್ಲಿ ಸೈನ್ಯ ನುಗ್ಗಿಸಿದ ದಿನವೇ ರಷ್ಯಾ ವಿಶ್ವಸಂಸ್ಥೆಯ ಸನ್ನದಿನ 51ನೆಯ ವಿಧಿ, ಆತ್ಮರಕ್ಷಣೆ ಎಂದೆಲ್ಲ ಏಕೆ ಜಪಿಸಿತು? 2003ರಲ್ಲಿ ಇರಾಕಿಗೆ ನುಗ್ಗುವಾಗ ಅಮೆರಿಕ ಹಳೆಯ ಭದ್ರತಾ ಮಂಡಳಿ ನಿರ್ಣಯಗಳನ್ನು ಏಕೆ ಕೆದಕಿತು? ಬಲವೇ ಸಾಕಾಗಿದ್ದರೆ ನೆಪ ಬೇಕಿರಲಿಲ್ಲ. "ಅದು ಬೂಟಾಟಿಕೆ" ಎನ್ನುವಿರಿ. ಹೌದು, ಬೂಟಾಟಿಕೆಯೇ. ಯಾರೂ ಕೇಳದ ಕಡೆ ಯಾರೂ ಬೂಟಾಟಿಕೆ ಮಾಡುವುದಿಲ್ಲ. ಇದಕ್ಕಿಂತ ಹೆಚ್ಚು ವಾದಿಸಲು ನನಗೆ ತಾಳ್ಮೆಯಿಲ್ಲ, ಮಾತ್ರೆಯ ಹೊತ್ತಾಯಿತು.

ಇನ್ನೊಂದು. "ಶಾಶ್ವತ ಮಿತ್ರರಿಲ್ಲ, ಶಾಶ್ವತ ಶತ್ರುಗಳಿಲ್ಲ, ಹಿತಾಸಕ್ತಿಯೊಂದೇ ಶಾಶ್ವತ" ಎಂದು ಬರೆಯಲು ಈಗಾಗಲೇ ಬೆರಳು ಎತ್ತಿದವರಿಗೆ: ಅದು ಬ್ರಿಟನ್ನಿನ ವಿದೇಶಾಂಗ ಸಚಿವ ಪಾಮರ್‌ಸ್ಟನ್ 1848ರ ಮಾರ್ಚ್ 1ರಂದು ಅಲ್ಲಿನ ಸಂಸತ್ತಿನಲ್ಲಿ ಆಡಿದ ಮಾತು. ಅದೇ ಭಾಷಣದಲ್ಲಿ, ನ್ಯಾಯ ಮತ್ತು ಧರ್ಮದ ಪರ ನಿಲ್ಲುವುದೇ ಇಂಗ್ಲೆಂಡಿನ ನಿಜವಾದ ನೀತಿ ಎಂದೂ ಹೇಳಿದ್ದಾನೆ. ಹಾಗೆ ನಡೆದುಕೊಂಡನೇ ಎಂದು ಕೇಳಬೇಡಿ, ಅದು ಬೇರೆ ಜಗಳ. ಉಲ್ಲೇಖಿಸುವುದಾದರೆ ಎರಡನ್ನೂ ಉಲ್ಲೇಖಿಸಿ. ಒಂದನ್ನೇ ಹಾಕಿದವರ ಕಾಮೆಂಟ್ ಅಳಿಸುತ್ತೇನೆ, ಹಳೆಯ ಶಿಷ್ಯರಾದರೂ ಸರಿ. ಹಿಂದಿನ ಬೆಂಚಿನ ಆ ಹುಡುಗಿ ಮಾತ್ರ ಏನು ಬೇಕಾದರೂ ಬರೆಯಬಹುದು.